ಕೂಲಿ ಕೇಳಲು ಬಾರದ ಸನೋಬರ್

ಆ ವರ್ಷ ನಮ್ಮ ಬೀದಿಯ ಹೆಂಗಸರೆಲ್ಲರ ಮೈಮೇಲೂ ಒಂದೇ ಬಟ್ಟೆ. ಹಸಿರು, ಹಳದಿ, ನಡುವೆ ಕೆಂಪು ಅಲೆ. ಕಿಟಕಿಯ ಪರದೆಯೂ ಅದೇ, ತೊಟ್ಟಿಲ ಹೊದಿಕೆಯೂ ಅದೇ. ರೇಷ್ಮೆ ಕಾರ್ಖಾನೆ ಮುಚ್ಚುವಾಗ ಕೊನೆಯ ಮೂರು ತಿಂಗಳ ಸಂಬಳದ ಬದಲು ಬಟ್ಟೆಯ ಥಾನುಗಳನ್ನು ಹಂಚಿ ಕೈತೊಳೆದುಕೊಂಡಿದ್ದರು. ಪೇಟೆಗೆ ಒಯ್ದು ಮಾರೋಣವೆಂದರೆ ಅಲ್ಲೂ ಅದೇ ಬಟ್ಟೆ ಹಿಡಿದುಕೊಂಡು ಮುನ್ನೂರು ಹೆಂಗಸರು ಸಾಲಾಗಿ ನಿಂತಿದ್ದರು. ಕೊಳ್ಳುವವರು ಯಾರು? ನಾನು ರಜಾಯಿ ಹೊಲಿಯುವವಳು. ಆ ಬಟ್ಟೆಯಲ್ಲಿ ಎಷ್ಟು ರಜಾಯಿ ಹೊಲಿದೆನೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೂ ಕೆಂಪು ಅಲೆಯೇ ಕಾಣುತ್ತಿತ್ತು.

ಮುನ್ನೂರು ಹೆಂಗಸರಲ್ಲಿ ಸನೋಬರ್ ಒಬ್ಬಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ ಅಷ್ಟೆ. ನಲವತ್ತೇಳು ವರ್ಷ, ಅದರಲ್ಲಿ ಮೂವತ್ತು ಮಗ್ಗದ ಮುಂದೆ ಕಳೆದವಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಕಣ್ಣಿಗೆ ಪೊರೆ ಬಂದ ಅತ್ತೆ ಹಬೀಬಾ ಖೋಲಾ, ದಾದಿಯ ಓದು ಓದುತ್ತಿದ್ದ ಮಗಳು ನಿಗೋರಾ. ಬೀದಿಗೆಲ್ಲ ಚಿಕ್ಕಮ್ಮನಂತಿದ್ದ ಹಬೀಬಾ ಖೋಲಾಗೆ ಕಣ್ಣು ಮಂಜಾಗಿತ್ತೇ ಹೊರತು ನಾಲಿಗೆ ಚುರುಕಾಗಿಯೇ ಇತ್ತು.

"ನೋಡು ಕರೋಮತ್," ಎನ್ನುತ್ತಿದ್ದರು ನನಗೆ, ಗೋಡೆಯ ಆಚೆಯಿಂದ. "ಕಾರ್ಖಾನೆ ನಮ್ಮನ್ನ ಬಿಟ್ಟೋಯ್ತು. ಅದರ ಬಟ್ಟೆ ಮಾತ್ರ ಬಿಡ್ತಾ ಇಲ್ಲ. ನಾನು ಸತ್ರೆ ಇದರಲ್ಲೇ ಸುತ್ತಿ ಕಳಿಸ್ತಾರೆ ಅಂತ ಕಾಣತ್ತೆ. ಮೇಲಿನೋರು ಯಾವ ಕಾರ್ಖಾನೆ ಅಂತ ಕೇಳ್ತಾರೆ."

ಸನೋಬರ್ ಕೆಲಸ ಹುಡುಕದ ಬಾಗಿಲಿಲ್ಲ. ಹೊಲಿಗೆ ಅಂಗಡಿಯವರಿಗೆ ಮೂವತ್ತರೊಳಗಿನ ಹುಡುಗಿಯರು ಬೇಕಿತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸವಿತ್ತು, ಅದು ಅಡುಗೆಯವಳ ತಂಗಿಗೆ ಸಿಕ್ಕಿತು. ಒಂದು ದಿನ ಬೆಳಗ್ಗೆ ತಲೆವಸ್ತ್ರವನ್ನು ಕಣ್ಣಿನವರೆಗೂ ಎಳೆದುಕೊಂಡು ದಿನಗೂಲಿಯವರು ನಿಲ್ಲುವ ಚೌಕದಲ್ಲಿ ನಿಂತಳು. ಈರುಳ್ಳಿ ಕಳೆ ಕೀಳಲು ಕರೆದೊಯ್ದರು. ಸಂಜೆ ಬಂದಾಗ ಬೆನ್ನು ನೆಟ್ಟಗೆ ನಿಲ್ಲಲೊಲ್ಲದು. "ನಾನು ಗುರುತು ಸಿಗಬಾರ್ದು ಅಂತ ಮುಖ ಮುಚ್ಕೊಂಡಿದ್ದೆ ಆಪಾ," ಎಂದಳು ನನಗೆ; ಆಪಾ ಎಂದರೆ ಅಕ್ಕ. "ಪಕ್ಕದಲ್ಲಿ ನಿಂತೋಳೂ ಮುಚ್ಕೊಂಡಿದ್ಳು. ಮಧ್ಯಾಹ್ನ ನೀರು ಕುಡಿಯೋವಾಗ ಬಟ್ಟೆ ಸರಿಸಿದ್ರೆ ನಮ್ಮ ಕಾರ್ಖಾನೆ ಮೇಲ್ವಿಚಾರಕಿ."

ಮಾಸ್ಕೋದಲ್ಲಿ ಅವಳ ನಾದಿನಿ ಫಿರೂಜಾ ಇದ್ದಳು, ಹಬೀಬಾ ಖೋಲಾನ ಮಗಳು. ಅವಳು ಫೋನು ಮಾಡಿದಾಗಲೆಲ್ಲ ಒಂದೇ ಮಾತು. ಅಲ್ಲೊಂದು ದೊಡ್ಡ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಖಾಲಿಯಾಗಲಿದೆ, ಅಕ್ಟೋಬರ್ ಹತ್ತರೊಳಗೆ ಹೇಳಿಬಿಡು. ಹೋದರೆ ಮೂರು ವರ್ಷ ಬರುವ ಹಾಗಿಲ್ಲ. ಅತ್ತೆಯ ಕೈ ಹಿಡಿದು ಅಂಗಳ ದಾಟಿಸುವವರು ಯಾರು, ಮಗಳು ಓದು ಬಿಟ್ಟು ಮನೆಯಲ್ಲಿ ಕೂರಬೇಕೇ? ಸನೋಬರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇಲ್ಲೇ ಹೊಟ್ಟೆಗೆ ಒಂದು ದಾರಿ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದಳು.

ಆಗಸ್ಟಿನಲ್ಲಿ ನನ್ನ ತಂದೂರಿನ ಬಾಯಿ ಬಿರುಕು ಬಿಟ್ಟಿತು. ನಾನು ಅದರ ಮುಂದೆ ನಿಂತು ಬೈಯುತ್ತಿರುವುದು ಗೋಡೆಯಾಚೆ ಕೇಳಿಸಿರಬೇಕು.

"ಆಪಾ, ನಿಮ್ಮಲ್ಲಿ ಹಳದಿ ಮಣ್ಣು ಇದ್ಯಾ? ಒಂದು ಹಿಡಿ ಕುರಿ ಉಣ್ಣೆ?"

"ಯಾಕೆ, ಕುರಿ ಮಾಡ್ತೀಯಾ?"

"ಕುರಿ ಅಲ್ಲ. ನಿಮ್ಮ ಒಲೆಗೆ ತುಟಿ ಮಾಡ್ತೀನಿ."

ಬಂದು ಮಣ್ಣು ನೆನೆಸಿ, ಉಣ್ಣೆಯನ್ನು ಎಳೆಎಳೆಯಾಗಿ ಬಿಡಿಸಿ ಬೆರೆಸಿ, ಕಾಲಿನಿಂದ ತುಳಿದು, ಹಗ್ಗದಂತೆ ಹೊಸೆದು ಬಾಯಿಯ ಸುತ್ತ ಕೂರಿಸಿದಳು. ಮರದ ಹಲಗೆಯಿಂದ ಮೆತ್ತಗೆ ತಟ್ಟಿದಳು. ಮೂವತ್ತು ವರ್ಷ ನೂಲು ಹಿಡಿದ ಬೆರಳುಗಳು ಮಣ್ಣನ್ನು ಮರೆತಿರಲಿಲ್ಲ. ಹುಡುಗಿಯಾಗಿದ್ದಾಗ ಒಂಬತ್ತರಿಂದ ಹದಿನೇಳರವರೆಗೆ ಕಾಲುವೆಯ ಪಕ್ಕದ ರಿಸೋಲತ್ ಬುವಿಯ ಅಂಗಳದಲ್ಲಿ ತಂದೂರು ಕಟ್ಟುವುದನ್ನು ಕಲಿತವಳು ಅವಳು. ಬುವಿ ಎಂದರೆ ಅಜ್ಜಿ. ಆಗ ಆಕೆ ಅಜ್ಜಿಯಾಗಿರಲಿಲ್ಲ, ಈಗ ಎಂಬತ್ತನಾಲ್ಕು.

ನನ್ನ ಒಲೆ ಹೊಸ ಮದುಮಗಳಂತೆ ಆಯಿತು. ನಾನೇನು ಕೊಟ್ಟೆ? ಮೊದಲು ಬೆಂದ ಎರಡು ರೊಟ್ಟಿ, ಒಂದು ಬಟ್ಟಲು ಏಪ್ರಿಕಾಟ್ ಹಣ್ಣು, ಬಾಯಿ ತುಂಬ ಹಾರೈಕೆಯ ದುಆ. ಒಬ್ಬರ ಮನೆಯ ಕೆಲಸಕ್ಕೆ ಬೀದಿಯವರೆಲ್ಲ ಕೈ ಹಚ್ಚುವುದನ್ನು ನಾವು ಹಶರ್ ಎನ್ನುತ್ತೇವೆ. ಗೋಡೆ ಏಳುವುದು ಹಶರಿನಲ್ಲಿ, ಕಾಲುವೆಯ ಹೂಳು ಹೋಗುವುದು ಹಶರಿನಲ್ಲಿ. ಬಂದವರಿಗೆ ಹೊಟ್ಟೆ ತುಂಬ ಊಟ ಹಾಕುತ್ತೇವೆ. ದುಡ್ಡು ಕೊಡಹೋದರೆ ಮುಖಕ್ಕೆ ಉಗಿದಂತೆ.

ಸುದ್ದಿ ಹಬ್ಬಿತು. "ಸನೋಬರ್ ಆಪಾ, ನಮ್ಮದೂ ಸ್ವಲ್ಪ ನೋಡಿ." "ಸನೋಬರ್, ಕೈ ಖಾಲಿ ಇದ್ದಾಗ ಬಾಮ್ಮ, ಹೇಗೂ ಮನೇಲೇ ಇದೀಯಲ್ಲ." ಒಂದೇ ತಿಂಗಳಲ್ಲಿ ಏಳು ಒಲೆ ರಿಪೇರಿ. ಎಲ್ಲರೂ ರೊಟ್ಟಿ ಕೊಟ್ಟರು, ಎರಡೂ ಅಂಗೈ ಮುಖಕ್ಕೆ ಸವರಿಕೊಂಡು ದುಆ ಮಾಡಿದರು. "ಮನೆ ತುಂಬ ದುಆ ಬಿದ್ದಿದೆ," ಎಂದರು ಹಬೀಬಾ ಖೋಲಾ. "ಇವತ್ತು ರಾತ್ರಿಗೆ ಉಪ್ಪು ಹಾಕಿ ಬೇಯಿಸೋಣ್ವಾ?"

ಆ ಮಾತು ನನಗೆ ತಾಕಿತು. ರಜಾಯಿ ಹೊಲಿದರೆ ನಾನು ಕೂಲಿ ತೆಗೆದುಕೊಳ್ಳುತ್ತೇನೆ, ಅಕ್ಕಪಕ್ಕದವರಿಂದಲೂ. ಆ ಸಂಜೆ ಅವಳನ್ನು ಕೇಳಿದೆ.

"ಅಲ್ವೇ, ಒಲೆ ಕೆಲಸಕ್ಕೆ ನೀನು ದುಡ್ಡು ಕೇಳ್ಬಾರ್ದಾ?"

"ಯಾರನ್ನ ಕೇಳ್ಲಿ? ನಿಮ್ಮನ್ನಾ?"

ಅವಳೇ ಮುಂದುವರಿಸಿದಳು. "ನಾನು ಉಸ್ತಾ ಅಲ್ಲ ಆಪಾ. ನನಗೆ ಯಾರೂ ನಡು ಕಟ್ಟಿಲ್ಲ."

ನಮ್ಮಲ್ಲಿ ಕಸುಬು ಕಲಿತವರಿಗೆ ಕಲಿಸಿದವರು ನಾಲ್ಕು ಜನರ ಎದುರು ನಡುವಿಗೆ ಒಂದು ವಸ್ತ್ರ ಕಟ್ಟಿ ಹರಸಬೇಕು. ಅಲ್ಲಿಂದ ಆಚೆ ಅವರು ಉಸ್ತಾ. ಕೂಲಿ ಹೇಳಬಹುದು, ಶಿಷ್ಯರನ್ನು ಇಟ್ಟುಕೊಳ್ಳಬಹುದು. ನಡು ಕಟ್ಟಿಸಿಕೊಳ್ಳದವರು ಎಷ್ಟೇ ಚೆನ್ನಾಗಿ ಮಾಡಲಿ, ಅದು ಬರಿಯ ಕೈಸಹಾಯ. ರಜಾಯಿಯ ಕಸುಬನ್ನು ನನಗೆ ಕಲಿಸಿದ ನನ್ನ ಅತ್ತೆ ನನಗೆ ನಡು ಕಟ್ಟಿದ್ದರು. ಸನೋಬರಳಿಗೆ ಆ ದಿನ ಬರಲೇ ಇಲ್ಲ. ಹದಿನೇಳರಲ್ಲಿ ಕಾರ್ಖಾನೆಯಿಂದ ಕರೆ ಬಂದಾಗ ಕೈಕಾಲಿನ ಮಣ್ಣು ತೊಳೆದು ಹೋದವಳು ಹೇಳಿಯೂ ಹೋಗಲಿಲ್ಲ. ಯಾರದೋ ಬಾಯಲ್ಲಿ ಹೇಳಿಕಳಿಸಿದಳಂತೆ. ಆಮೇಲೆ ನಾಚಿಕೆಗೆ ಆ ಕಾಲುವೆಯ ದಾರಿಯನ್ನೇ ಬಿಟ್ಟಳು. ಮೂವತ್ತು ವರ್ಷ.

ಸೆಪ್ಟೆಂಬರಿನ ಮೊದಲ ವಾರ ತೋಶ್ಮತ್ ಅಕಾ ಸನೋಬರಳನ್ನು ಹುಡುಕಿಕೊಂಡು ಬಂದ. ಅಕಾ ಎಂದರೆ ಅಣ್ಣ; ಬಸ್ ನಿಲ್ದಾಣದ ಬಳಿ ಸೋಮ್ಸಾ ಅಂಗಡಿಯವನು. ಮಾಂಸ ಈರುಳ್ಳಿ ತುಂಬಿದ ಹಿಟ್ಟಿನ ಪೊಟ್ಟಣಗಳನ್ನು ತಂದೂರಿನ ಗೋಡೆಗೆ ಅಂಟಿಸಿ ಬೇಯಿಸುತ್ತಾನೆ. ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಜನ ಅಲ್ಲಿ ನಿಂತು ತಿನ್ನುತ್ತಾರೆ.

"ದೊಡ್ಡ ಒಲೆ ಬೇಕು," ಎಂದ. "ಹತ್ತು ದಿನದಲ್ಲಿ. ಮುಂಗಡ ಈಗಲೇ ಕೊಡ್ತೀನಿ."

"ನಾನು ಉಸ್ತಾ ಅಲ್ಲ, ಅಕಾ."

"ನಂಗೆ ಉಸ್ತಾ ಬೇಡ. ಒಲೆ ಬೇಕು."

ಮುಂಗಡ ತೆಗೆದುಕೊಂಡಳು. ಯಾರಿಗೂ ಹೇಳಲಿಲ್ಲ, ನನಗೂ ಆಮೇಲೆ ತಿಳಿದದ್ದು. ಮನೆಯ ಹಿಂದೆ, ಜನ ನೋಡದ ಕಡೆ ಕಟ್ಟಿದಳು. ಆ ವಾರ ಮೂಡಣದ ಒಣ ಗಾಳಿ ಬೀಸುತ್ತಿತ್ತು. ಐದೇ ದಿನ ಒಣಗಿಸಿ, ಆರನೆಯ ದಿನ ಹತ್ತಿಗಿಡದ ಕಡ್ಡಿ ತುಂಬಿ ಬೆಂಕಿಯಿಟ್ಟು, ಅವತ್ತೇ ಗಾಡಿಗೆ ಹೇರಿ ಕಳಿಸಿದಳು. ಒಂದು ಒಲೆಯ ದುಡ್ಡು ಕೈಗೆ ಬಂದರೆ ಮಾಸ್ಕೋಗೆ ಇಲ್ಲವೆನ್ನುವ ಧೈರ್ಯ ಬರುತ್ತದೆಂದು ಅವಳ ಅವಸರ.

ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದು ಅಂಗಡಿಯ ಮುಂದೆ ಜನ ಸೇರಿದ್ದಾಗ ಒಲೆ ಠಪ್ಪೆಂದು ಸೀಳಿತು. ಗೋಡೆಗಂಟಿದ್ದ ಸೋಮ್ಸಾಗಳೆಲ್ಲ ಒಂದೊಂದಾಗಿ ಕೆಂಡಕ್ಕೆ ಬಿದ್ದವು. ತೋಶ್ಮತ್ ಅಕಾ ಕೂಗಾಡುವವನಲ್ಲ. ಸಂಜೆ ನಮ್ಮ ಬೀದಿಗೆ ಬಂದು ಸನೋಬರಳ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಆಪಾ, ನಾನು ಸೋಮ್ಸಾ ಮಾರೋನು. ಬೂದಿ ಮಾರೋಕೆ ನಂಗೆ ಬರಲ್ಲ."

ಅವಳು ಮುಂಗಡವನ್ನೂ ಹಾಳಾದ ಮಾಂಸದ ಬೆಲೆಯನ್ನೂ ಕೊಟ್ಟಳು. ಎಲ್ಲಿಂದ ತಂದಳೆಂದು ಮಾರನೆಯ ದಿನ ಗೊತ್ತಾಯಿತು. ನಿಗೋರಾಳ ಮದುವೆಗೆಂದು ನನ್ನ ಕೈಯಲ್ಲೇ ಹೊಲಿಸಿ ಪೆಟ್ಟಿಗೆಯ ಮೇಲೆ ಪೇರಿಸಿಟ್ಟಿದ್ದ ರಜಾಯಿಗಳಲ್ಲಿ ನಾಲ್ಕು ಪೇಟೆಯಲ್ಲಿ ನೇತಾಡುತ್ತಿದ್ದವು. ಹೊಲಿಗೆ ನನ್ನದೆಂದು ದೂರದಿಂದಲೇ ತಿಳಿಯಿತು. ಕೆಂಪು ಅಲೆಯವಲ್ಲ, ಒಳ್ಳೆಯ ಕಾಲದ ಬಟ್ಟೆಯವು.

ಬೀದಿಯಲ್ಲಿ ಒಂದೇ ಮಾತಾಯಿತು: ನಡು ಕಟ್ಟದ ಕೈ ದುಡ್ಡು ಮುಟ್ಟಿತು, ಮಣ್ಣು ಒಪ್ಪಲಿಲ್ಲ. ಏಳು ಒಲೆ ಪುಕ್ಕಟೆ ಮಾಡಿಸಿಕೊಂಡವರೇ ಹೇಳಿದರು. ತಮ್ಮ ಒಲೆ ಗಟ್ಟಿಯಾಗಿ ನಿಂತಿರುವುದು ದುಡ್ಡು ಕೊಡದೆ ಇದ್ದುದರಿಂದ ಎಂಬಂತೆ ಹೇಳಿದರು. ಸನೋಬರಳೂ ಅದನ್ನೇ ನಂಬಿದಳು.

"ಫಿರೂಜಾಗೆ ಹೂಂ ಅಂತೀನಿ ಆಪಾ," ಎಂದಳು. "ನೆಲ ಒರೆಸೋಕೆ ಯಾರ ಆಶೀರ್ವಾದವೂ ಬೇಡ."

"ಹತ್ತನೇ ತಾರೀಕಿಗೆ ಇನ್ನೂ ಟೈಮಿದೆ. ಎದ್ದೇಳು, ಚಪ್ಪಲಿ ಹಾಕ್ಕೋ."

"ಎಲ್ಲಿಗೆ?"

"ಕಾಲುವೆ ಹತ್ರ."

ಅವಳು ಬರಲಿಲ್ಲ. ಹಬೀಬಾ ಖೋಲಾ ಕೋಲು ನೆಲಕ್ಕೆ ಕುಟ್ಟಿ, "ಹೋಗೇ, ಆ ಮುದುಕಿ ನಿನ್ನ ತಿನ್ನಲ್ಲ. ಹಲ್ಲೆಲ್ಲಿದೆ ಅವಳಿಗೆ?" ಎಂದಾಗ ಎದ್ದಳು.

ರಿಸೋಲತ್ ಬುವಿ ಹಿಪ್ಪುನೇರಳೆ ಮರದ ಕೆಳಗೆ ಮಂಚದ ಮೇಲೆ ಕೂತಿದ್ದರು, ಒಣಗಿದ ಅಕ್ರೋಟಿನಷ್ಟು ಚಿಕ್ಕದಾಗಿ. ಅಂಗಳದ ತುಂಬ ಕವುಚಿಟ್ಟ ತಂದೂರುಗಳ ಗುರುತು ಮಾತ್ರ, ದುಂಡುದುಂಡಾಗಿ. ತಂದೂರು ಒಂದೂ ಇರಲಿಲ್ಲ.

"ಯಾರದು? ಕಣ್ಣು ಕಾಣ್ಸಲ್ಲ ನಂಗೆ," ಎಂದರು. ನಮ್ಮ ಹಿಂದೆ ಗೋಡೆಯ ಮೇಲೆ ಕೂತ ಗುಬ್ಬಿಯನ್ನೂ ಅವರು ನೋಡಿದ್ದರು.

"ಸನೋಬರ್, ಬುವಿ."

"ಯಾವ ಸನೋಬರ್? ನನ್ನ ಹತ್ರ ಒಬ್ಳು ಇದ್ಳು. ಮಣ್ಣು ತುಳೀತಾ ಇದ್ದೋಳು, ಕಾಲು ತೊಳ್ಕೊಂಡು ಬರ್ತೀನಿ ಅಂತ ಹೋದ್ಳು. ಇನ್ನೂ ತೊಳ್ಕೊಳ್ತಾನೇ ಇದಾಳೆ."

ಸನೋಬರ್ ತಲೆ ತಗ್ಗಿಸಿ ನಿಂತಳು. ಬುವಿ ಚಹಾ ಬಗ್ಗಿಸಿದರು. ನನಗೆ ಬಟ್ಟಲಿನ ತಳದಲ್ಲಿ ಎರಡು ಗುಟುಕು. ಅದು ಮರ್ಯಾದೆ, ಮತ್ತೆ ಮತ್ತೆ ಬಗ್ಗಿಸುತ್ತೇನೆ, ಕೂತಿರು ಎಂದು. ಅವಳಿಗೆ ಅಂಚಿನವರೆಗೆ ತುಂಬಿಸಿ ಕೊಟ್ಟರು. ಕುಡಿದು ನಡೆ ಎಂದು. ಸನೋಬರ್ ಆ ಸುಡುಸುಡು ಚಹಾವನ್ನು ಕೊನೆಯ ಹನಿಯವರೆಗೆ ಕುಡಿದು ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು. ಬುವಿ ಮತ್ತೆ ತುಂಬಿಸಿದರು. ಮತ್ತೆ ಕುಡಿದಳು. ಮತ್ತೆ ತುಂಬಿಸಿದರು. ಕಣ್ಣಲ್ಲಿ ನೀರು ಬಂದಿತ್ತು ಅವಳಿಗೆ, ಚಹಾದ ಬಿಸಿಗೋ ಬೇರೆ ಯಾವುದಕ್ಕೋ. ನಾಲ್ಕನೆಯ ಸಲ ಮುದುಕಿಯ ಕೈ ನಿಂತಿತು. ಎರಡು ಗುಟುಕು ಬಗ್ಗಿಸಿದರು.

"ಕೂತ್ಕೋ. ಬೂದಿ ಸೋಮ್ಸಾ ಕಥೆ ನಮ್ಮ ಕಾಲುವೆವರೆಗೂ ಬಂದಿದೆ. ಎಷ್ಟು ದಿನ ಒಣಗಿಸ್ದೆ?"

"ಐದು."

"ಗಾಳಿ?"

"ಮೂಡಣದ್ದು."

"ಮೊದಲ ಬೆಂಕಿ ಯಾವುದು?"

"ಹತ್ತಿ ಕಡ್ಡಿ."

"ಒಳಗೆ ಎಣ್ಣೆ ಸವರಿದ್ಯಾ?"

"ಸಮಯ ಇರ್ಲಿಲ್ಲ ಬುವಿ."

ಮುದುಕಿ ನನ್ನ ಕಡೆ ತಿರುಗಿದರು. "ನಿಮ್ಮ ಬೀದೀಲಿ ಏನಂತಾರೆ?"

ನಾನು ಹೇಳಿದೆ. ನಡು ಕಟ್ಟದ ಕೈಯನ್ನು ಮಣ್ಣು ಒಪ್ಪಲಿಲ್ಲ ಅಂತಾರೆ.

ಬುವಿ ನಕ್ಕರು. ಹಲ್ಲಿಲ್ಲದ ನಗು, ಬಹಳ ಹೊತ್ತು. "ಮಣ್ಣಿಗೇನು ಗೊತ್ತು ನಡುಕಟ್ಟು? ಮಣ್ಣಿಗೆ ನೆರಳು ಗೊತ್ತು, ಹದಿನೈದು ದಿನ ಗೊತ್ತು, ಸಣ್ಣ ಬೆಂಕಿ ಗೊತ್ತು. ನೀನು ಅವಸರ ಮಾಡ್ದೆ, ಅದು ಸೀಳ್ತು. ನಾನೇ ನಡು ಕಟ್ಟಿದ್ರೂ ಸೀಳ್ತಾ ಇತ್ತು." ಆಮೇಲೆ ದನಿ ತಗ್ಗಿಸಿದರು. "ಆಶೀರ್ವಾದ ಒಲೆಗಲ್ಲ ಕಣೇ. ನಿನ್ನ ಬಾಯಿಗೆ. ಇಷ್ಟು ಕೊಡಿ ಅಂತ ಅನ್ನೋಕೆ ಬಾಯಿ ಏಳ್ಬೇಕಲ್ಲ, ಅದಕ್ಕೆ."

ಸನೋಬರ್ ಖಾಲಿ ಬಟ್ಟಲನ್ನು ಕೆಳಗಿಟ್ಟಳು.

"ನಾಳೆ ಬಾ," ಎಂದರು ಬುವಿ. "ಕಾಲು ತೊಳ್ಕೊಂಡಿದ್ದು ಸಾಕು."

ಮಾರನೆಯ ದಿನದಿಂದ ಅವಳು ದಿನವೂ ಹೋದಳು. ಬುವಿ ಮಂಚದಿಂದ ಇಳಿಯದೆ ಕೋಲಿನಲ್ಲಿ ತೋರಿಸಿ ಬೈಯುವುದು, ಇವಳು ಮಣ್ಣು ತುಳಿದು ಹೊಸ ಒಲೆ ಕಟ್ಟುವುದು. ನಾನು ಎರಡು ಮೂರು ಸಲ ಸೂಜಿ ದಾರ ಹಿಡಿದು ಜೊತೆಗೆ ಹೋಗಿ ಕೂತೆ. ಒಂದು ದಿನ ಪಕ್ಕದ ಹಳ್ಳಿಯವರೊಬ್ಬರು ಬಾಗಿಲಲ್ಲಿ ನಿಂತು, "ಮಗನ ಹೊಸ ಮನೆಗೆ ತಂದೂರು ಬೇಕಿತ್ತು, ಬುವಿ," ಎಂದರು. "ಕೈ ಬಿದ್ದೋಗಿದೆ ಮಗಾ, ಆಗಲ್ಲ," ಎಂದು ಬುವಿ ಕಳಿಸಿಬಿಟ್ಟರು. ಇನ್ನೊಂದು ದಿನ ಇಬ್ಬರು. ಅವರನ್ನೂ ಕಳಿಸಿದರು.

"ಇಲ್ಲೇ ಕೂತಿದಾಳಲ್ಲ ಬುವಿ, ಇವಳ ಹೆಸರು ಹೇಳ್ಬಾರ್ದಾ?" ಎಂದೆ ನಾನು.

"ಏನಂತ ಹೇಳ್ಲಿ? ಕಾಲು ತೊಳೆಯೋಕೆ ಹೋಗಿ ಬಂದಿದಾಳೆ ಅಂತಲಾ? ಎರಡು ವರ್ಷದಿಂದ ಬಂದೋರನ್ನೆಲ್ಲ ವಾಪಸ್ ಕಳಿಸ್ತಾ ಇದೀನಿ. ಎಲ್ಲರೂ ಕೇಳೋದು ಒಂದೇ, ನಿಮ್ಮ ಶಿಷ್ಯೇರಲ್ಲಿ ಉಸ್ತಾ ಯಾರಿದ್ದಾರೆ ಅಂತ. ಒಲೆ ಮೊದಲು ಒಣಗಲಿ."

ಒಲೆ ನೆರಳಲ್ಲಿ, ಒದ್ದೆ ಗೋಣಿ ಹೊದ್ದು, ನಿಧಾನವಾಗಿ ಒಣಗಿತು. ಪೂರ್ತಿ ಹದಿನೈದು ದಿನ. ಅಷ್ಟರಲ್ಲಿ ಫಿರೂಜಾ ಮೂರು ಸಲ ಫೋನು ಮಾಡಿದಳು. ಸನೋಬರ್ ಮನೆಯಲ್ಲಿ ಇರುತ್ತಿರಲಿಲ್ಲ. ಹಬೀಬಾ ಖೋಲಾ ಮಗಳಿಗೆ, "ಒಣಗ್ತಾ ಇದೆ, ಒಣಗ್ತಾ ಇದೆ," ಎಂದು ಮಾತ್ರ ಹೇಳುತ್ತಿದ್ದರು. ಏನು ಒಣಗುತ್ತಿದೆಯೆಂದು ಪಾಪ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಒಲೆಗೆ ಸಣ್ಣ ಬೆಂಕಿ, ಆಮೇಲೆ ದೊಡ್ಡದು. ಹತ್ತಿಬೀಜದ ಎಣ್ಣೆ ಸವರಿ ಒಂದು ಹಗಲು ಒಂದು ರಾತ್ರಿ ಕಾಯಿಸಿದರು. ಕಪ್ಪಾದ ಗೋಡೆ ಮೆಲ್ಲಗೆ ಬೆಳ್ಳಗಾಯಿತು. ಸೀಳಲಿಲ್ಲ.

ಅಕ್ಟೋಬರ್ ಎಂಟು, ಭಾನುವಾರ. ಬುವಿ ನಡು ಕಟ್ಟುವುದಕ್ಕೆ ಸನೋಬರಳನ್ನು ತಮ್ಮ ಅಂಗಳಕ್ಕೆ ಕರೆಯಲಿಲ್ಲ. ತಾವೇ ಬಾಡಿಗೆ ವ್ಯಾನು ಹತ್ತಿ ನಮ್ಮ ಬೀದಿಗೆ ಬಂದರು. "ದುಡ್ಡು ಕೊಡದೇ ಇರೋರು ಇಲ್ಲಿದಾರೆ, ನನ್ನ ಅಂಗಳದಲ್ಲಿ ಅಲ್ಲ," ಎಂದರು ಇಳಿಯುತ್ತಲೇ, ಎಲ್ಲರಿಗೂ ಕೇಳುವಂತೆ. ತೋಶ್ಮತ್ ಅಕಾನನ್ನೂ ಕರೆಸಿದ್ದರು. ಅವನು ಮುಖ ಗಂಟಿಕ್ಕಿಕೊಂಡೇ ಬಂದ, ಆದರೆ ಪಲಾವಿಗೆಂದು ಮಾಂಸದ ಪೊಟ್ಟಣ ಹಿಡಿದು ಬಂದ. ಅಕ್ಕಿ ಒಬ್ಬರು, ಕ್ಯಾರೆಟ್ ಒಬ್ಬರು, ಎಣ್ಣೆ ನಾನು. ಅಡುಗೆಯೂ ಹಶರಿನಲ್ಲೇ ಆಯಿತೆನ್ನಿ.

ಪಲಾವು ದಮ್ಮಿಗೆ ಕೂತಿರುವಾಗ ಬುವಿ ಕೋಲೂರಿಕೊಂಡು ಏಳು ಮನೆಗೂ ಹೋದರು. ಪ್ರತಿ ಒಲೆಯ ಬಾಯನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಬಂದು ತಟ್ಟೆಯ ಮುಂದೆ ಕೂತರು. ಎಲ್ಲರೂ ಉಣ್ಣತೊಡಗಿದೆವು. ನಾಲ್ಕು ತುತ್ತು ಹೊಟ್ಟೆಗೆ ಹೋದ ಮೇಲೆ ಸನೋಬರಳನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು.

ಹಬೀಬಾ ಖೋಲಾ ತಡವರಿಸುತ್ತ ಒಂದು ಬಟ್ಟೆ ಚಾಚಿದರು. ಹಸಿರು, ಹಳದಿ, ಕೆಂಪು ಅಲೆ.

"ಇದನ್ನ ಕಟ್ಟಿದ್ರೆ ಕಿಟಕಿ ಪರದೆ ಅಂದ್ಕೊಂಡು ಯಾರಾದ್ರೂ ಎಳೀತಾರೆ," ಎಂದು ಬುವಿ ಅದನ್ನು ಪಕ್ಕಕ್ಕಿಟ್ಟು, ತಮ್ಮ ಸ್ವಂತ ನಡುವಿನ ಹಳೆಯ ವಸ್ತ್ರವನ್ನು ಬಿಚ್ಚಿದರು. ಮಣ್ಣಿನ ಬಣ್ಣಕ್ಕೆ ತಿರುಗಿದ್ದು. ಬೆರಳು ನಡುಗುತ್ತಿದ್ದುದರಿಂದ ಗಂಟು ಬೀಳಲು ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗುವ ಹಾಗಿರಲಿಲ್ಲ. ಕಟ್ಟಿ, ಅಂಗೈ ತೆರೆದು ಹರಸಿದರು. ಎಲ್ಲರೂ ಮುಖ ಸವರಿಕೊಂಡು ಆಮೀನ್ ಎಂದೆವು.

"ಎಲ್ಲರೂ ಉಂಡ್ರಾ?" ಎಂದರು ಬುವಿ. "ಉಂಡೋರೆಲ್ಲ ಸಾಕ್ಷಿ. ಇವತ್ತಿಂದ ಇವಳು ಉಸ್ತಾ. ಗೋಡೆ ಏಳಿಸೋಕೆ ಹಶರಿಗೆ ಕರೀರಿ, ಮದುವೆಗೆ ಕ್ಯಾರೆಟ್ ಹೆಚ್ಚೋಕೆ ಕರೀರಿ, ಬರ್ತಾಳೆ. ಒಲೆಗೆ ಪುಕ್ಕಟೆ ಕರೆದ್ರೆ ಈ ಪಲಾವು ಗಂಟಲಲ್ಲೇ ನಿಲ್ಲತ್ತೆ."

ಪಕ್ಕದಲ್ಲಿ ಕೂತವಳೊಬ್ಬಳು ಆಗಲೇ ಕೆಮ್ಮಿದಳು.

ತೋಶ್ಮತ್ ಅಕಾ ಗಡ್ಡ ಕೆರೆದುಕೊಂಡ. "ಬುವಿ, ನಂದೊಂದು ದೊಡ್ಡ ಒಲೆ…"

"ನಿನ್ನದು ಆಮೇಲೆ. ಹದಿನೈದು ದಿನ ಕಾಯೋ ಹಾಗಿದ್ರೆ ಮಾತಾಡು. ಮೊದಲು ಈ ಬೀದಿ ಬಾಯಿ ಬಿಡಿಸೋಣ." ಕೋಲಿನ ತುದಿ ತಿರುಗಿ ನನ್ನ ಮೇಲೆ ನಿಂತಿತು. "ನಿನ್ನ ಒಲೆ ಬಾಯಿ ಚೆನ್ನಾಗಿದೆ. ತಳ ಟೊಳ್ಳು ಸದ್ದು ಮಾಡ್ತಿದೆ. ಚಳಿಗಾಲ ದಾಟಲ್ಲ ಅದು."

ಅದು ನಿಜವೇ. ನನಗೂ ಗೊತ್ತಿತ್ತು. ಹೇಳಿದರೆ ಮತ್ತೆ ಪುಕ್ಕಟೆ ಮಾಡಿಕೊಡುತ್ತಾಳೆಂದು ಸುಮ್ಮನಿದ್ದೆ. "ಹೌದು. ಸನೋಬರ್, ತಳ ಹೊಸದು ಹಾಕೋಕೆ ಎಷ್ಟು?" ಎಂದೆ.

ಬೀದಿಯೆಲ್ಲ ಉಣ್ಣುವುದನ್ನು ನಿಲ್ಲಿಸಿತು. ಸನೋಬರ್ ನಡುವಿನ ಗಂಟನ್ನು ಮುಟ್ಟಿಕೊಂಡಳು.

"ನಿಮಗೆ ತೋಚಿದ್ದು ಕೊಡಿ ಆಪಾ."

ಬುವಿಯ ಕೋಲು ಅವಳ ಮೊಣಕಾಲಿಗೆ ಬಿತ್ತು, ಮೆತ್ತಗೆ. "ಮೂವತ್ತು ವರ್ಷ ಆದ್ಮೇಲೆ ನಾನು ಕಟ್ಟಿದ್ದು ಈ ಮಾತಿಗಾ?"

"ಎರಡು ಲಕ್ಷ," ಎಂದಳು ಸನೋಬರ್. ನೂಲಿನಷ್ಟು ಸಣ್ಣ ದನಿ. ನಮ್ಮ ಸೋಮ್ ಲೆಕ್ಕದಲ್ಲಿ ಅದು ನಾಲ್ಕೈದು ಕೋಳಿಯ ಬೆಲೆ ಅಷ್ಟೆ.

"ಆಯ್ತು," ಎಂದೆ ನಾನು ತಕ್ಷಣ. ಕೊಟ್ಟುಬಿಟ್ಟರೆ ನನ್ನ ಮನಸ್ಸು ಹಗುರಾಗುತ್ತಿತ್ತು, ಅದಕ್ಕೆ.

ಬುವಿಗೆ ಸಿಟ್ಟು ಬಂದಿದ್ದು ಈಗ. "ಆಯ್ತು ಅನ್ನೋಕೆ ನೀನ್ಯಾರೇ? ಭಿಕ್ಷೆ ಹಾಕ್ತಿದೀಯಾ? ಪೇಟೇಲಿ ಒಂದು ಕೋಳಿ ತಗೊಂಡ್ರೂ ಗಂಟೆಗಟ್ಟಲೆ ನಿಂತು ಬಾಯಿ ಮಾಡ್ತೀಯ. ನನ್ನ ಶಿಷ್ಯೆ ಕೋಳಿಗಿಂತ ಕಡಿಮೆನಾ? ಕೈ ಕೊಡು."

ನನ್ನ ಬಲಗೈಯನ್ನು ಎಳೆದು ಸನೋಬರಳ ಕೈಗೆ ಸೇರಿಸಿ, ಮೇಲೆ ತಮ್ಮ ಕೈಯಿಟ್ಟರು. ದನದ ಸಂತೆಯಲ್ಲಿ ಕೊಳ್ಳುವವರು ಮಾರುವವರು ಕೈ ಹಿಡಿದು ಕುಲುಕುತ್ತ ಬೆಲೆ ಇಳಿಸಿ ಏರಿಸುವ ಹಾಗೆ. ಬೆಲೆ ಕುದುರುವವರೆಗೆ ಬಿಡುವಂತಿಲ್ಲ. ಅವಳ ಅಂಗೈ ಹೊಸದಾಗಿ ಒರಟಾಗಿತ್ತು. ಬುವಿ ಕುಲುಕಿದರು.

"ಬಾಯಿ ತೆಗಿ."

ನಾನು ತೆಗೆದೆ. "ಎರಡು ಲಕ್ಷ ಸೋಮ್? ಆ ದುಡ್ಡಿಗೆ ನಾನೇ ಒಲೆ ಒಳಗೆ ಇಳಿದು ಕೂತ್ಕೊಂಡು ಬಿರುಕು ಮುಚ್ತೀನಿ."

ಸನೋಬರ್ ನನ್ನನ್ನು ನೋಡಿದಳು. ನಾನು ಸಣ್ಣಗಿರುವ ಹೆಂಗಸಲ್ಲ. "ಇಳೀರಿ ಆಪಾ," ಎಂದಳು. "ನೀವು ಹಿಡಿಸೋ ಅಂಥ ಒಲೆ ಕಟ್ಟೋಕೆ ನಾಲ್ಕು ಲಕ್ಷ ಆಗತ್ತೆ."

ಬೀದಿಯೆಲ್ಲ ನಕ್ಕಿತು. ತೋಶ್ಮತ್ ಅಕಾ ಅನ್ನ ಬೆರಳಲ್ಲಿ ಹಿಡಿದುಕೊಂಡೇ ನಕ್ಕ. ಕುಲುಕಿದ ಕೈಯಲ್ಲಿ ಅವಳ ಹಿಡಿತ ಬಿಗಿಯಾದದ್ದು ನನಗೆ ತಿಳಿಯಿತು.

"ಒಂದು ಲಕ್ಷ," ಎಂದೆ.

"ಉಣ್ಣೆಗೇ ಅಷ್ಟಾಗತ್ತೆ. ಒಂದೂ ತೊಂಬತ್ತು."

"ಉಣ್ಣೆ ನನ್ನ ಮನೇದು. ಒಂದೂ ಇಪ್ಪತ್ತು."

"ಹೋದ್ಸಲದ್ದೂ ನಿಮ್ಮ ಮನೇದೇ. ಅದರ ತುಂಬ ಮುಳ್ಳಿತ್ತು. ಒಂದೂ ಎಂಬತ್ತು."

"ಏರಿಸು, ಏರಿಸು," ಎಂದರು ಬುವಿ, ನಡುವೆ ನಿಲ್ಲಬೇಕಾದವರು. "ಮೊದಲ ಕೂಲಿ ಗುರುವಿಗೆ ಸೇರಬೇಕು, ನೆನಪಿರ್ಲಿ."

ಅಷ್ಟರಲ್ಲಿ ಮನೆಯೊಳಗೆ ಫೋನು ಕೂಗಿತು. ನಿಗೋರಾ ತಂದು ಅಜ್ಜಿಯ ಕೈಗಿತ್ತಳು. ಹಬೀಬಾ ಖೋಲಾ ಅದನ್ನು ತಲೆಕೆಳಗಾಗಿ ಹಿಡಿದು, ಆಮೇಲೆ ಸರಿಮಾಡಿಕೊಂಡು, "ಫಿರೂಜಾ, ಈಗ ಆಗಲ್ಲಮ್ಮ," ಎಂದರು. "ನಿನ್ನ ಅತ್ತಿಗೆ ಕೈ ಕೊಟ್ಟಿದಾಳೆ… ಯಾರಿಗಾ? ಪಕ್ಕದ್ಮನೆ ಕರೋಮತ್‌ಗೆ… ಏನು, ಹತ್ತನೇ ತಾರೀಕಾ?" ಸೊಸೆಯ ಕಡೆಗೆ ಮುಖ ತಿರುಗಿಸಿದರು. ಕಣ್ಣು ಕಾಣದಿದ್ದರೂ ಕೇಳುತ್ತಿರುವ ಮುಖ. "ಏನಂತ ಹೇಳ್ಲಿ?"

ಸನೋಬರ್ ನನ್ನ ಕೈ ಬಿಡಲಿಲ್ಲ. ಒಂದು ಗಳಿಗೆ ತನ್ನ ನಡುವಿನ ಮಾಸಿದ ವಸ್ತ್ರವನ್ನು ನೋಡಿದಳು, ಬುವಿಯನ್ನು ನೋಡಿದಳು, ತೋಶ್ಮತ್ ಅಕಾನ ಕಡೆ ನೋಡಿದಳು. ಅವನು ಹದಿನೈದು ಬೆರಳು ತೋರಿಸಲು ಹೋಗಿ ಕೈಯಲ್ಲಿ ಹತ್ತೇ ಇದ್ದುದರಿಂದ ಮತ್ತೊಮ್ಮೆ ಐದು ತೋರಿಸಿ ತಲೆಯಾಡಿಸಿದ.

"ಬರಲ್ಲ ಅನ್ನಿ, ಅಮ್ಮ," ಎಂದಳು. "ಆ ಜಾಗ ಬೇರೆ ಯಾರಿಗಾದ್ರೂ ಕೊಡಿಸೋಕೆ ಹೇಳಿ. ನಮ್ಮ ಕಾರ್ಖಾನೆಯೋರೇ ಎಷ್ಟೋ ಜನ ಕಾಯ್ತಿದಾರೆ." ಮತ್ತೆ ನನ್ನ ಕಡೆ ತಿರುಗಿದಳು. "ಹೂಂ, ಆಪಾ. ಒಂದೂ ಎಂಬತ್ತು ಅಂದೆ."

ನಿಜ ಹೇಳಬೇಕೆಂದರೆ ಅಲ್ಲಿಂದ ಮುಂದೆ ನಾನು ಬೇಕೆಂದೇ ಮಾಡಿದ್ದಲ್ಲ, ಹಟ ಹತ್ತಿಬಿಟ್ಟಿತು. ಒಂದೂ ಐವತ್ತಕ್ಕಿಂತ ಒಂದು ಸೋಮ್ ಕೂಡ ಹೆಚ್ಚು ಕೊಡಲಾರೆ ಎಂದೆ. ಅವಳು ಒಂದೂ ಎಪ್ಪತ್ತಕ್ಕೆ ಕಂಬದ ಹಾಗೆ ನಿಂತಳು. ಪಲಾವು ಆರಿಹೋಯಿತು. ಬುವಿಯ ತೋಳು ಸೋತು, ಕುಲುಕುವುದಕ್ಕೆ ತೋಶ್ಮತ್ ಅಕಾನನ್ನು ಕರೆಯಬೇಕಾಯಿತು. ಒಂದೂ ಅರವತ್ತಕ್ಕೆ ಕೈ ಬಿಟ್ಟಾಗ ನನ್ನ ಬೆರಳುಗಳು ಕೆಂಪಾಗಿದ್ದವು, ಹತ್ತು ಸಾವಿರ ಹೆಚ್ಚಾಯಿತೆಂದು ನಾನು ಗೊಣಗುತ್ತಿದ್ದೆ, ಸನೋಬರ್ ಆಗಲೇ ನನ್ನ ಅಂಗಳದ ಕಡೆ ಮಣ್ಣು ನೋಡಲು ಹೊರಟಿದ್ದಳು.